ನೆರಳಿದ್ದ ಹೊಡೆತ

“ಇದು ಕಲ್ಲು ಜಾರಿದ ಸದ್ದು,” ಅಂದರು ಮೇಷ್ಟ್ರು. ಪರದೆಯ ಕಡೆ ನೋಡದೆಯೇ ಅಂದರು.

“ಕಲ್ಲು ಎರಡೆರಡೇ ಸಲ ಜಾರುತ್ತಾ ಸರ್?”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಅದು ಆಗಲೇ ಸ್ವಚ್ಛವಾಗಿತ್ತು.

ವಿಭಾಗದ ಉಪಕರಣಗಳ ಕೋಣೆಯಲ್ಲಿ ನಾವು ಮೂವರಿದ್ದೆವು. ನಾನು, ನನಗೂ ನನ್ನ ಗಂಡನಿಗೂ ಭೂಭೌತಶಾಸ್ತ್ರ ಕಲಿಸಿದ ಮೇಷ್ಟ್ರು, ಮತ್ತು ಇನ್ಸ್‌ಪೆಕ್ಟರ್. ಇನ್ಸ್‌ಪೆಕ್ಟರ್ ಎಲ್ಲಿ ಕೂತರೂ ಬಾಯಿ ತುಂಬ “ಉಸ್ಸಪ್ಪಾ” ಎಂದೇ ಕೂರುತ್ತಾರೆ. ಠಾಣೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಉಸ್ಸಪ್ಪ ಎನ್ನುತ್ತಾರೆ. ಅದು ಅವರಿಗೂ ಗೊತ್ತು.

ಸುರಂಗ ಕುಸಿದು ಮೂರು ವಾರವಾಗಿತ್ತು. ನನ್ನ ಗಂಡ ಇನ್ನೂ ಅದರೊಳಗೇ ಇದ್ದ. ನಾಳೆ ಬೆಳಿಗ್ಗೆ ಅದರ ಬಾಯಿಗೆ ಕಾಂಕ್ರೀಟ್ ತುಂಬಿ ಮುಚ್ಚುತ್ತಾರೆ.

ಅದನ್ನು ನಿಲ್ಲಿಸುವ ಅಧಿಕಾರ ಇನ್ಸ್‌ಪೆಕ್ಟರಿಗಿತ್ತು. ನಿನ್ನೆ ನಮ್ಮ ಮನೆ ಬಾಗಿಲಲ್ಲಿ ನಿಂತು ಹೇಳಿದ್ದರು: “ಬರೀ ಅಪಘಾತ ಅಂದ್ರೆ ನನ್ನ ಕೈ ಕಟ್ಟಿದೆ ಅಮ್ಮಾ. ಅವರು ಒಳಗೆ ಜೀವಂತ ಇದ್ರು, ಅದು ಯಾರಿಗೋ ಗೊತ್ತಿತ್ತು, ಗೊತ್ತಿದ್ದೂ ಕಾಪಾಡಲಿಲ್ಲ ಅಂತ ತೋರಿಸಿ. ಆಗ ಅದು ಕೇಸು. ಒಂದೇ ಒಂದು ಫೋನು ಮಾಡ್ತೀನಿ, ಕೆಲಸ ನಿಲ್ಲುತ್ತೆ.”

ತೋರಿಸಲು ಇದ್ದದ್ದು ಒಂದು ಹಳದಿ ಪೆಟ್ಟಿಗೆ. ನನ್ನ ಗಂಡ ಬೆಟ್ಟದ ಮೇಲೆ, ಸುರಂಗದ ನೇರಕ್ಕೆ, ಜಿಯೋಫೋನುಗಳ ಸಾಲು ನೆಟ್ಟು ಅದನ್ನು ಓಡಲು ಬಿಟ್ಟಿದ್ದ. ಕುಸಿತದ ನಂತರ ಪೆಟ್ಟಿಗೆ ಕಾಣೆಯಾಗಿತ್ತು. ಈ ದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಅದನ್ನು ಮೇಷ್ಟ್ರ ಬೀರುವಿನಿಂದ, ಹಳೆಯ ನಕ್ಷೆಗಳ ಸುರುಳಿಗಳ ಹಿಂದಿನಿಂದ ಹೊರಗೆ ತೆಗೆದಿದ್ದರು.

“ಅಮ್ಮಾ, ನನಗೆ ಇದೆಲ್ಲ ಇರುವೆ ಸಾಲಿನ ಹಾಗೆ ಕಾಣ್ತಿದೆ,” ಅಂದರು ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡು. “ಸ್ವಲ್ಪ ಬಿಡಿಸಿ ಹೇಳಿ. ನಾನು ಶಾಲೇಲಿ ವಿಜ್ಞಾನದ ಪೀರಿಯಡ್ ಪೂರ್ತಿ ಬೆಂಚಿನ ಮೇಲೇ ನಿಂತೋನು.”

ನಾನು ಬಿಡಿಸಿ ಹೇಳಿದೆ.

ಜಿಯೋಫೋನ್ ಎಂದರೆ ಮುಷ್ಟಿ ಗಾತ್ರದ ಡಬ್ಬಿ. ಕೆಳಗೊಂದು ಮೊಳೆ. ನೆಲಕ್ಕೆ ಚುಚ್ಚಿದರೆ ನೆಲದ ನಡುಕವನ್ನು ಕೇಳುತ್ತದೆ. ಅಂಥವನ್ನು ಸಾಲಾಗಿ ನೆಟ್ಟು, ಪಕ್ಕದಲ್ಲಿ ಉಕ್ಕಿನ ತಟ್ಟೆಯಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದರೆ, ಹೊಡೆತ ಆಳಕ್ಕಿಳಿದು ಬಂಡೆಗಳನ್ನು ಮುಟ್ಟಿ ವಾಪಸು ಬರುತ್ತದೆ. ಯಾವ ಡಬ್ಬಿಗೆ ಎಷ್ಟು ತಡವಾಗಿ ಬಂತು ಎಂದು ನೋಡಿ ಕೆಳಗೇನಿದೆ ಎಂದು ಹೇಳುತ್ತೇವೆ. ಬಂಡೆ ಮುರಿದು ಸರಿದ ಜಾಗಕ್ಕೆ ಫಾಲ್ಟ್ ಎನ್ನುತ್ತೇವೆ. ಅಲ್ಲಿ ನುಚ್ಚುಗಲ್ಲು ತುಂಬಿರುತ್ತದೆ. ಹೊಡೆತ ಅದರಲ್ಲಿ ಸಿಕ್ಕಿ ಸೊರಗಿಹೋಗುತ್ತದೆ.

“ಪರದೆ ಮೇಲಿನ ಒಂದೊಂದು ಗೆರೆ ಒಂದೊಂದು ಡಬ್ಬಿ. ಗೆರೆ ಯಾವಾಗ ನಡುಗಿದೆಯೋ ಆಗ ಆ ಡಬ್ಬಿಯ ಕೆಳಗೆ ನೆಲ ನಡುಗಿದೆ. ಇದು ಸುರಂಗ ಕುಸಿದದ್ದು.”

ಗೆರೆಗಳೆಲ್ಲ ಒಂದರೊಳಗೊಂದು ಸಿಕ್ಕಿಕೊಂಡು ಪರದೆ ಕಪ್ಪಾಗಿತ್ತು. ಆಮೇಲೆ ಮೌನ. ಆಮೇಲೆ ಬಹಳ ಹೊತ್ತಿನ ನಂತರ, ಎರಡು ಸಣ್ಣ ನಡುಕ. ಮತ್ತೆ ಮೌನ. ಮತ್ತೆ ಎರಡು.

“ಕಲ್ಲು,” ಅಂದರು ಮೇಷ್ಟ್ರು ಮತ್ತೊಮ್ಮೆ. ಈ ಸಲ ಅವರ ದನಿ ಅಷ್ಟು ಗಟ್ಟಿಯಿರಲಿಲ್ಲ.

ಸಮೀಕ್ಷೆ ಶುರುಮಾಡುವ ಮುನ್ನ ಎಲ್ಲ ಡಬ್ಬಿಗಳೂ ಕೆಲಸ ಮಾಡುತ್ತಿವೆಯೇ ಎಂದು ನೋಡಬೇಕು. ಒಬ್ಬರು ಸಾಲಿನುದ್ದಕ್ಕೂ ನಡೆಯುತ್ತ ಪ್ರತಿ ಡಬ್ಬಿಯ ತಲೆಗೆ ಬೆರಳಿನಿಂದ ತಟ್ಟುತ್ತಾರೆ. ಇನ್ನೊಬ್ಬರು ಪೆಟ್ಟಿಗೆಯ ಮುಂದೆ ಕೂತು ಗೆರೆ ಅಲುಗಿತೇ ಎಂದು ನೋಡುತ್ತಾರೆ. ಎಲ್ಲರೂ ಒಂದು ಸಲ ತಟ್ಟುತ್ತಾರೆ. ನನ್ನ ಗಂಡ ಎರಡು ಸಲ. ಒಂದು ತಟ್ಟು ಗಾಳಿಯದೂ ಇರಬಹುದು, ಎರಡಾದರೆ ಮನುಷ್ಯನದೇ ಎಂಬುದು ಅವನ ವಾದ. ತಟ್ಟುತ್ತ “ಇದ್ದೀಯಾ?” ಎನ್ನುತ್ತಿದ್ದ. ನಾನು ದೂರದಿಂದ “ಇದೆ!” ಎಂದು ಕೂಗುತ್ತಿದ್ದೆ. ಮದುವೆಗೆ ಮುಂಚೆ ನಾವಿಬ್ಬರೂ ಹೆಚ್ಚು ಆಡಿದ ಮಾತು ಅದೇ.

“ಸರ್, ಅವನಿಗೆ ಡಬ್ಬಿ ತಟ್ಟೋದು ಕಲಿಸಿದ್ದು ನೀವು,” ಅಂದೆ. “ಒಂದು ತಟ್ಟು ಸಾಕು ಕಣೋ, ಕೈ ನೋವು ಬರುತ್ತೆ ಅಂತ ಎಷ್ಟು ಸಲ ಬೈದಿದ್ದೀರಿ. ಈಗ ಹೇಳಿ. ಇದು ಕಲ್ಲಾ?”

ಮೇಷ್ಟ್ರು ಕನ್ನಡಕ ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕೂತರು.

“ನಿನಗೆ ನಾನು ಏನಂತ ಹೇಳಿದ್ದೆ ಮಗಳೇ?”

“ಕ್ಷಣದಲ್ಲೇ ಹೋದ. ನೋವು ಗೊತ್ತಾಗಿರಲ್ಲ ಅಂತ.”

“ಅದನ್ನೇ ನಂಬಿಕೊಂಡು ಇರಬಾರದಿತ್ತಾ ನೀನು?”

ನನಗೆ ಅಳು ಬರಲಿಲ್ಲ. ಮೂರು ವಾರದಿಂದ ಬಂದಿಲ್ಲ. ಅತ್ತೆ ನನ್ನ ಪಾಲಿನದನ್ನೂ ಸೇರಿಸಿ ಅಳುತ್ತಿದ್ದಾರೆ. “ಒಂದು ಸಲ ಅತ್ತುಬಿಡೇ, ಎದೆ ಹಗುರಾಗುತ್ತೆ,” ಎಂದು ರಾತ್ರಿ ಬೆನ್ನು ಸವರುತ್ತಾರೆ. ನಾನು ಅವರ ಕೈಯ ಬಿಸುಪನ್ನು ಯಾವುದೋ ಯಂತ್ರ ಗುರುತು ಹಾಕಿಕೊಂಡ ಹಾಗೆ ಗುರುತು ಹಾಕಿಕೊಳ್ಳುತ್ತೇನೆ, ಅಷ್ಟೇ.

“ಪೆಟ್ಟಿಗೆ ಬೆಟ್ಟದಿಂದ ತಂದದ್ದು ಯಾವಾಗ ಸರ್?”

“ಎಲ್ಲ ಮುಗಿದ ಮೇಲೆ. ಒಂದು ವಾರ ಆಗಿತ್ತು.” ಅವರು ಬೀರುವಿನ ಕಡೆ ನೋಡಿದರು. “ಒಂದು ಸಂಜೆ ಹಾಕಿ ನೋಡಿದೆ. ಮೊದಲನೇ ಜೋಡಿ ಕಂಡ ತಕ್ಷಣ ಗೊತ್ತಾಯ್ತು. ಒಳಗೆ ಯಾರೂ ಬದುಕಿರೋಕೆ ಸಾಧ್ಯವಿಲ್ಲ ಅಂತ ಬರೆದುಕೊಟ್ಟು ಹುಡುಕೋದನ್ನ ನಿಲ್ಲಿಸಿದ್ದು ಇದೇ ಕೈ. ಇದನ್ನ ತಗೊಂಡು ಬಂದು ನಿನ್ನ ಮುಂದೆ ಹೇಗಿಡಲಿ?”

“ಹುಡುಕೋರು ಅಲ್ಲಿಗೆ ಹೋದದ್ದೇ ರಾತ್ರಿಗೆ,” ಅಂದರು ಇನ್ಸ್‌ಪೆಕ್ಟರ್. ಕೆರೆದುಕೊಳ್ಳುತ್ತಿದ್ದ ಗಲ್ಲದಿಂದ ಕೈ ತೆಗೆಯದೆ ಅಂದರು. “ಅವತ್ತು ಕೆಲಸಕ್ಕೆ ರಜೆ. ನಿಮ್ಮ ಯಜಮಾನರು ಒಳಗೆ ಹೋದದ್ದು, ರಾತ್ರಿ ಮನೆಗೆ ಬರದೆ ಇರೋವರೆಗೂ ಯಾರಿಗೂ ಗೊತ್ತಿರಲಿಲ್ಲ.”

ಯಾಕೆ ಹೋದ ಎಂಬುದು ನನಗೆ ಗೊತ್ತಿತ್ತು. ಸುರಂಗದ ನಡುಭಾಗದಲ್ಲಿ ಫಾಲ್ಟ್ ಇದೆ ಎಂದು ಅವನು ಹೇಳುತ್ತಿದ್ದ. ಇಲ್ಲ, ಬಂಡೆ ಇಡಿಯಾಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಸುರಂಗ ತೋಡುವವರು ಮೇಷ್ಟ್ರ ಮಾತು ಕೇಳಿದರು. ಅವನು ಗೋಡೆಯ ಒದ್ದೆ ನೋಡಿ ಬರುತ್ತೇನೆಂದು ರಜೆಯ ದಿನ ಒಬ್ಬನೇ ಒಳಗೆ ಹೋದ.

ನಾನು ಒಂದು ಜೋಡಿ ಬಡಿತವನ್ನು ಪರದೆಯ ತುಂಬ ದೊಡ್ಡದು ಮಾಡಿದೆ.

“ನೋಡಿ ಸರ್. ಆಳದಿಂದ ಬಂದ ಸದ್ದು ಬಿಲ್ಲಿನ ಹಾಗೆ ಬಾಗುತ್ತೆ. ಬಿಲ್ಲಿನ ನೆತ್ತಿ ಎಲ್ಲಿದೆಯೋ ಅದರ ಕೆಳಗೇ ಅವನಿದ್ದ. ಈಗ ಬಲಗಡೆ ನೋಡಿ.”

ಎಡಗಡೆ ಬಿಲ್ಲು ಕೊನೆಯ ಡಬ್ಬಿಯವರೆಗೂ ನುಣ್ಣಗೆ ಇಳಿದಿತ್ತು. ಬಲಗಡೆ ಒಂದು ಡಬ್ಬಿಯ ಹತ್ತಿರ ಬಂದು ತಟಕ್ಕನೆ ಮುರಿದಿತ್ತು. ಅದರಾಚೆಗೆ ನಡುಕ ತಡವಾಗಿ, ಮಂಕಾಗಿ, ಇದೆಯೋ ಇಲ್ಲವೋ ಎಂಬಂತೆ ಇತ್ತು.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಮುಂದಕ್ಕೆ ಬಾಗಿದರು. ಒಬ್ಬ ವಿದ್ಯಾರ್ಥಿಯ ಹಾಗೆ ಬೆರಳಿನಿಂದ ಆ ಮುರಿದ ಜಾಗವನ್ನು ಮೇಲಿನಿಂದ ಕೆಳಗೆ ಎಳೆದರು.

“ಅವನು ಹೇಳಿದ ಜಾಗವೇ,” ಅಂದರು.

“ಹೌದು ಸರ್. ಮೇಲಿನಿಂದ ಅಷ್ಟು ಸಲ ಹೊಡೆದರೂ ನಿಮಗೆ ತೋರಿಸೋಕಾಗಲಿಲ್ಲ. ಒಳಗಿನಿಂದ ಬಡಿದು ತೋರಿಸಿದ.”

ಅವರು ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಗೋಡೆಯ ಮೇಲೆ ನೇತುಹಾಕಿದ್ದ, ಹಿಂದಿನ ಸಮೀಕ್ಷೆಯ ಕೇಬಲ್ ಸುರುಳಿಗಳಲ್ಲಿ ಬೆಟ್ಟದ ಮಣ್ಣು ಇನ್ನೂ ಒಣಗಿ ಅಂಟಿಕೊಂಡಿತ್ತು. ಅವನ್ನು ಸುತ್ತಿದ್ದು ನನ್ನ ಗಂಡನೇ. ಎಂಟರ ಆಕಾರದಲ್ಲಿ ಸುತ್ತುವುದು ಅವನೊಬ್ಬನೇ.

“ಜೀವಂತ ಇದ್ರು ಅನ್ನೋದು ಆಯ್ತು,” ಅಂದರು ಇನ್ಸ್‌ಪೆಕ್ಟರ್ ಮೆಲ್ಲಗೆ. “ಆದರೆ ಮೇಷ್ಟ್ರಿಗೆ ಗೊತ್ತಾದದ್ದು ವಾರದ ಮೇಲೆ. ಅದು ಕೇಸಾಗಲ್ಲ ಅಮ್ಮಾ. ಅವತ್ತೇ ಗೊತ್ತಿದ್ದವರು ಬೇಕು.”

ನಾನು ಮುಂದಕ್ಕೆ ಸರಿಸಿದೆ.

“ಬೇಡ,” ಅಂದರು ಮೇಷ್ಟ್ರು ಮುಖ ಮುಚ್ಚಿಕೊಂಡೇ. “ಅಲ್ಲಿಗೇ ಸಾಕು ಮಾಡು. ಮುಂದಿನದನ್ನ ನಾನೂ ನೋಡಿಲ್ಲ. ಅದು ನಿಲ್ಲೋದನ್ನ ನೋಡೋ ಧೈರ್ಯ ನನಗಿರಲಿಲ್ಲ. ನಿನಗೂ ಬೇಡ.”

ಎರಡು. ಮೌನ. ಎರಡು. ಮೌನ. ನಾನು ಸರಿಸುತ್ತ ಹೋದೆ.

ಆಮೇಲೆ ಇದ್ದಕ್ಕಿದ್ದಂತೆ ಬೇರೆಯದೇ ಒಂದು ಆಕಾರ ಬಂತು.

ಇನ್ಸ್‌ಪೆಕ್ಟರ್ ಸ್ಟೂಲಿನಿಂದ ಎದ್ದರು. “ಇದೇನಿದು, ಗುಡಾರದ ಹಾಗೆ?”

ನಿಜಕ್ಕೂ ಗುಡಾರದ ಹಾಗೇ ಇತ್ತು. ಮೊದಲನೇ ಡಬ್ಬಿಯ ಬಳಿ ಕಂಬ ನೆಟ್ಟ ಹಾಗೆ ಒಂದು ಚೂಪು, ಅಲ್ಲಿಂದ ನೇರವಾಗಿ ಇಳಿಜಾರು. ಆಳದ ಸದ್ದು ಹೀಗೆ ಬರುವುದಿಲ್ಲ. ಇದು ನೆಲದ ಮೇಲ್ಮೈಯಲ್ಲೇ ನಿಧಾನವಾಗಿ ಹರಿದದ್ದು. ಹರಡುವ ವೇಗವೇ ಹೇಳುತ್ತದೆ.

ಎರಡು ಗುಡಾರಗಳು. ಒಂದರ ಪಕ್ಕ ಒಂದು.

ಅದಾದ ತಕ್ಷಣ ಕೆಳಗಿನಿಂದ ಎರಡು ಬಿಲ್ಲು. ಹಿಂದಿನದಕ್ಕಿಂತ ಗಟ್ಟಿಯಾದವು.

ನನ್ನ ಬೆರಳು ಕೀಲಿಯ ಮೇಲೆ ನಿಂತಿತು. ನನ್ನ ಬಾಯಿಂದ ಬಂದ ಮಾತು ಬೇರೆ ಯಾರೋ ಆಡಿದ ಹಾಗಿತ್ತು.

“ಯಾರೋ ಬೆಟ್ಟದ ಮೇಲಿದ್ದರು. ಅವನು ಬಡಿದದ್ದನ್ನ ಪೆಟ್ಟಿಗೇಲಿ ನೋಡಿದ್ದಾರೆ. ಸುತ್ತಿಗೆ ತಗೊಂಡು ತಟ್ಟೆಗೆ ಹೊಡೆದು ಉತ್ತರ ಕೊಟ್ಟಿದ್ದಾರೆ. ಅವನಿಗೆ ಅದು ಕೇಳಿಸಿದೆ.”

ನಾನು ಮೇಷ್ಟ್ರ ಕಡೆ ತಿರುಗಿದೆ.

“ಪೆಟ್ಟಿಗೆ ಎಲ್ಲಿದೆ ಅಂತ ಗೊತ್ತಿದ್ದದ್ದು ನಿಮಗೆ. ಅದನ್ನ ಓದೋಕೆ ಬರೋದು ನಿಮಗೆ. ಫಾಲ್ಟ್ ಇಲ್ಲ ಅಂತ ಸಾಧಿಸಬೇಕಾಗಿದ್ದದ್ದೂ ನಿಮಗೇ. ನೀವೇ ಅಲ್ವಾ ಸರ್ ಅಲ್ಲಿದ್ದದ್ದು? ಇದ್ದೀಯಾ ಅಂತ ಕೇಳಿ, ಇದ್ದಾನೆ ಅಂತ ತಿಳಕೊಂಡು, ಎದ್ದು ಹೋಗಿಬಿಟ್ರಾ?”

ಮೇಷ್ಟ್ರು ಸಿಟ್ಟಾಗಲಿಲ್ಲ. ಬಲಗೈಯನ್ನು ಪಕ್ಕದಿಂದ ಮೇಲೆತ್ತಲು ನೋಡಿದರು. ಅದು ಭುಜದ ಮಟ್ಟಕ್ಕೂ ಬರದೆ ನಡುಗುತ್ತ ನಿಂತಿತು.

“ತಲೆ ಬಾಚೋಕೂ ಹೆಂಡತಿ ಬೇಕು ನನಗೆ,” ಅಂದರು. “ಆ ಸುತ್ತಿಗೆ ಎತ್ತಬಲ್ಲವನಾಗಿದ್ದರೆ, ಮಗಳೇ, ಬೆಟ್ಟ ಒಡೆದಾದರೂ ಅವನನ್ನ ಹೊರಗೆ ತರ್ತಿದ್ದೆ. ನನ್ನ ಜೊತೆ ಜಗಳ ಆಡೋಕೆ ಇನ್ಯಾರಿದ್ದಾರೆ ನನಗೆ?”

ನಾನು ಅವರ ಕೈಯನ್ನು ಹಿಡಿದು ಕೆಳಗಿಳಿಸಿದೆ. ಅಷ್ಟೇ ಮಾಡಲು ಗೊತ್ತಾಯಿತು.

ಇನ್ಸ್‌ಪೆಕ್ಟರ್ ಕಿಟಕಿಯ ಹತ್ತಿರ ಹೋಗಿ ನಿಂತಿದ್ದರು. ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

“ಆಯ್ತು ಅಮ್ಮಾ,” ಅಂದರು. “ಮಾತು ಅಂದ್ರೆ ಮಾತು. ಯಾರು ಅನ್ನೋದು ಆಮೇಲೆ. ಮೊದಲು ಕೆಲಸ ನಿಲ್ಲಿಸೋಣ.” ಜೇಬಿನಿಂದ ಫೋನ್ ತೆಗೆದು, ಕನ್ನಡಕವಿಲ್ಲದ ಕಣ್ಣಿಗೆ ದೂರ ಹಿಡಿದು, ಸುರಂಗದ ಕಚೇರಿಯ ನಂಬರು ಹುಡುಕತೊಡಗಿದರು. ಅವರು ಯಾವುದನ್ನೂ ಬೇಗ ಮಾಡುವುದಿಲ್ಲ.

ನಾನು ಆ ಗುಡಾರಗಳನ್ನು ದೊಡ್ಡದು ಮಾಡಿದೆ.

ಪ್ರತಿ ಹೊಡೆತದ ಹಿಂದೆ ಒಂದು ನೆರಳಿತ್ತು. ಅದೇ ಆಕಾರ, ಅದೇ ಜಾಗ, ಆದರೆ ಸಣ್ಣದು, ಒಂದು ಚೂರು ತಡ. ಮತ್ತೊಂದನ್ನು ನೋಡಿದೆ. ಅದಕ್ಕೂ ನೆರಳಿತ್ತು. ಎಲ್ಲಕ್ಕೂ ಇತ್ತು.

ಅದು ನೆರಳಲ್ಲ. ಸುತ್ತಿಗೆ ತಟ್ಟೆಗೆ ಬಿದ್ದು, ಪುಟಿದು, ಇನ್ನೊಂದು ಸಲ ಬಿದ್ದದ್ದು. ಪಳಗಿದವರು ಹೊಡೆದ ಮೇಲೆ ಸುತ್ತಿಗೆಯನ್ನು ಎಳೆದುಕೊಳ್ಳುತ್ತಾರೆ. ಹಿಡಿತ ಸಡಿಲ ಬಿಟ್ಟರೆ ಅದು ಪುಟಿಯುತ್ತದೆ, ದಾಖಲೆ ಕೆಡುತ್ತದೆ. ನಮ್ಮಲ್ಲಿ ಹಾಗೆ ಕೆಡಿಸುವವನು ಒಬ್ಬನೇ ಇದ್ದ. ಎಷ್ಟು ವರ್ಷ ಅಣ್ಣನ ಜೊತೆ ಬೆಟ್ಟ ಸುತ್ತಿದರೂ ಅವನ ಕೈ ಪಳಗಲಿಲ್ಲ. “ನಿನ್ನ ಸುತ್ತಿಗೆ ಒಂದು ಸಲ ಹೊಡೆಯುತ್ತೆ, ಇನ್ನೊಂದು ಸಲ ಮುತ್ತು ಕೊಡುತ್ತೆ ಕಣೋ,” ಎಂದು ನನ್ನ ಗಂಡ ರೇಗಿಸುತ್ತಿದ್ದ. “ಮದುವೆ ಮಾಡಿಬಿಡೋಣ ಇವನಿಗೆ, ಸರಿಹೋಗುತ್ತೆ,” ಎಂದು ನಾನೂ ಸೇರಿಕೊಳ್ಳುತ್ತಿದ್ದೆ.

ನನ್ನ ಮೈದುನ.

ಕುಸಿತದ ದಿನ ಪೂರ್ತಿ ಪೇಟೆಯಲ್ಲಿ ಬ್ಯಾಟರಿ ರಿಪೇರಿಗೆ ಕೊಟ್ಟು ಕೂತಿದ್ದೆ ಎಂದು ಅವನು ಹೇಳಿಕೆ ಕೊಟ್ಟಿದ್ದ. ಬರೆಸಿಕೊಂಡದ್ದು ಇನ್ಸ್‌ಪೆಕ್ಟರೇ.

ಈ ಬೆಳಿಗ್ಗೆ ನನ್ನನ್ನು ಸ್ಕೂಟರಿನಲ್ಲಿ ಇಲ್ಲಿಗೆ ತಂದುಬಿಟ್ಟದ್ದು ಅವನು. ಮೂರು ವಾರದಿಂದ ನನ್ನ ಮುಖ ನೋಡಿ ಮಾತಾಡಿಲ್ಲ. ಹೆಲ್ಮೆಟ್ ಕೊಡುವಾಗ ಅಂಗೈ ಕಂಡಿತು. ಹಳೆಯ ಬೊಬ್ಬೆಗಳ ಚರ್ಮ ಇನ್ನೂ ಸುಲಿಯುತ್ತಿತ್ತು. ರಾತ್ರಿ ಮಣ್ಣು ತೆಗೆಯುವವರ ಜೊತೆ ಗುದ್ದಲಿ ಹಿಡಿದೆ, ಹಾಗಾಯಿತು ಎಂದು ಅತ್ತೆಗೆ ಹೇಳಿದ್ದನಂತೆ. ಅತ್ತೆ ನಂಬಿದರು. ನಾನೂ ನಂಬಿದೆ.

ಆದರೆ ಆ ರಾತ್ರಿ ಪೊಲೀಸರು ಹಗ್ಗ ಕಟ್ಟಿದ್ದರು. ಮನೆಯವರು ಯಾರನ್ನೂ ಹಗ್ಗದಾಚೆ ಬಿಟ್ಟಿರಲಿಲ್ಲ. ಅವನೂ ನನ್ನ ಪಕ್ಕದಲ್ಲೇ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಚಳಿಗೆ ಎಂದುಕೊಂಡಿದ್ದೆ.

“ಏನಾದ್ರೂ ಕಾಣ್ತಾ ಅಮ್ಮಾ?” ಕಿಟಕಿಯ ಬಳಿಯಿಂದ ಕೇಳಿದರು ಇನ್ಸ್‌ಪೆಕ್ಟರ್.

“ಇಲ್ಲ,” ಅಂದೆ.

ನಾನು ಸುಳ್ಳು ಹೇಳಿದ್ದು ಮೇಷ್ಟ್ರಿಗೆ ತಿಳಿಯಿತು. ಅವರೂ ಪರದೆಯನ್ನೇ ನೋಡುತ್ತಿದ್ದರು. ಅವನ ಸುತ್ತಿಗೆಯನ್ನು ಅವರೂ ಎಷ್ಟೋ ಸಲ ಬೈದವರು. ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು.

ಮುಂದಕ್ಕೆ ಸರಿಸಿದೆ. ಎರಡು ಬಿಲ್ಲು, ಎರಡು ಗುಡಾರ. ಎರಡು ಬಿಲ್ಲು, ಎರಡು ಗುಡಾರ. ಕೆಳಗಿದ್ದವನು ಕೇಳುತ್ತಿದ್ದ, ಮೇಲಿದ್ದವನು ಹೇಳುತ್ತಿದ್ದ. ಅಣ್ಣತಮ್ಮಂದಿರು ಹಾಗೆ ಮಾತಾಡಿಕೊಂಡಿದ್ದರು.

ಆಮೇಲೆ ಗುಡಾರಗಳು ನಿಂತುಬಿಟ್ಟವು.

ಬಿಲ್ಲುಗಳು ನಿಲ್ಲಲಿಲ್ಲ. ಎರಡು. ಎರಡು. ಉತ್ತರ ಬಾರದೆ ಅವಸರವಾದವು. ಮೌನಗಳು ಚಿಕ್ಕವಾದವು. ಒಂದು ಕಡೆ ನಾಲ್ಕು ಒಟ್ಟಿಗೇ ಬಂದವು. ಅವನು ಎಂದೂ ನಾಲ್ಕು ತಟ್ಟಿದವನಲ್ಲ.

“ಮೇಲಿನವರು ಹೊರಟುಹೋದ್ರು ಅಂತ ಕಾಣುತ್ತೆ,” ಅಂದರು ಇನ್ಸ್‌ಪೆಕ್ಟರ್. ಅವರು ಯಾವಾಗ ನನ್ನ ಹಿಂದೆ ಬಂದು ನಿಂತರೋ ತಿಳಿಯದು. ಫೋನು ಇನ್ನೂ ಕೈಯಲ್ಲಿತ್ತು.

“ಇಲ್ಲ,” ಅಂದೆ. “ನೋಡಿ, ವಾಪಸು ಬಂದಿದ್ದಾರೆ.”

ಗುಡಾರಗಳು ಮತ್ತೆ ಶುರುವಾಗಿದ್ದವು. ಎರಡೆರಡಲ್ಲ, ಲೆಕ್ಕವಿಲ್ಲದೆ. ಒಂದರ ಮೇಲೊಂದು, ನೆರಳಿನ ಮೇಲೆ ನೆರಳು. ಕೆಳಗಿನಿಂದ ಒಂದು ಬಿಲ್ಲು ಬಂತು. ಒಂದೇ. ತೀರಾ ತೆಳ್ಳಗಿನದು. ಅದಾದ ಮೇಲೆ ಬರಲಿಲ್ಲ.

ಗಾಳಿಯೂ ಇರಬಹುದು.

ಗುಡಾರಗಳು ಮಾತ್ರ ನಿಲ್ಲಲೇ ಇಲ್ಲ. ಪರದೆಯ ಆಚೆಗೂ, ಅದರಾಚೆಯ ಪರದೆಗೂ ಹಾಗೇ ಹೋದವು, ಸಂಜೆಯವರೆಗೆ. ಬಿಟ್ಟುಹೋಗುವವನು ಹೀಗೆ ಹೊಡೆಯುವುದಿಲ್ಲ. ಅಂಗೈ ಒಡೆಯುವವರೆಗೆ ಹೊಡೆಯುವುದಿಲ್ಲ.

“ನಡುವೆ ಎಷ್ಟು ಹೊತ್ತು ಇರಲಿಲ್ಲ?” ಮೇಷ್ಟ್ರು ಕೇಳಿದರು.

ನಾನು ನೋಡಿದೆ. “ಪೇಟೆಗೆ ಹೋಗಿ ಬರುವಷ್ಟು ಹೊತ್ತು.”

ಬೆಟ್ಟದ ಮೇಲೆ ಫೋನ್ ಸಿಗುವುದಿಲ್ಲ. ಯಾರಿಗಾದರೂ ಹೇಳಬೇಕೆಂದರೆ ಇಳಿದು ಪೇಟೆಗೇ ಹೋಗಬೇಕು.

ನನ್ನ ಬೆನ್ನ ಹಿಂದೆ ಫೋನಿನಲ್ಲಿ ರಿಂಗಾಗುತ್ತಿತ್ತು. ಕೊನೆಗೂ ನಂಬರು ಸಿಕ್ಕಿತ್ತು.

ಆಗ ಬಾಗಿಲು ತೆರೆಯಿತು. ಮೈದುನ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಸ್ಕೂಟರಿನ ಕೀಲಿ.

“ಅತ್ತಿಗೆ, ಅಮ್ಮ ಕಳಿಸಿದ್ದು. ನೀವು ತಿಂದ್ರೆ ಮಾತ್ರ ಮನೆಗೆ ಬಾ ಅಂದ್ರು, ಇಲ್ದಿದ್ರೆ ನನಗೂ ಇವತ್ತು...”

ಅವನ ಕಣ್ಣು ಪರದೆಯ ಮೇಲೆ ಬಿತ್ತು. ಓದಲು ಅವನಿಗೆ ಬರುತ್ತದೆ. ಅವನ ಅಣ್ಣನೇ ಕಲಿಸಿದ್ದ.

ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಮೂರು ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿದ. ನಾನು ಕೇಳುವ ಮೊದಲೇ ಅವನೇ ಹೇಳಿದ.

“ನಾನು ಹೇಳಿದ್ದೆ ಅತ್ತಿಗೆ. ಆವತ್ತೇ ಓಡಿಬಂದು ಹೇಳಿದ್ದೆ. ಅಣ್ಣ ಒಳಗಿದ್ದಾನೆ, ಬಡೀತಿದ್ದಾನೆ, ಬನ್ನಿ ಅಂತ ಕಾಲು ಹಿಡಿದಿದ್ದೆ. ನೋಡೋಣ, ಸ್ವಲ್ಪ ಹೊತ್ತು ಕೂತಿರು ಅಂದ್ರು.” ಅವನು ಸ್ಕೂಟರಿನ ಕೀಲಿಯನ್ನು ಮುಷ್ಟಿಯಲ್ಲಿ ಒತ್ತಿಹಿಡಿದ. “ಆಮೇಲೆ, ನೀನು ಇಲ್ಲಿಗೆ ಬಂದೇ ಇಲ್ಲ ಅಂತ ನನ್ನ ಕೈಲೇ ಬರೆಸಿಕೊಂಡ್ರು. ಬಾಯಿ ಬಿಟ್ರೆ ಒಳಗೆ ಕಳಿಸಿದ್ದೇ ನೀನು ಅಂತ ಕೇಸು ಹಾಕ್ತೀವಿ ಅಂದ್ರು.”

“ಯಾರೋ?” ಅಂದರು ಮೇಷ್ಟ್ರು.

ಮೈದುನ ನನ್ನ ಹೆಗಲಿನಾಚೆಗೆ ನೋಡಿದ.

ನಾನು ತಿರುಗಿದೆ. ಇನ್ಸ್‌ಪೆಕ್ಟರ್ ಹಿಂದಕ್ಕೆ ಕೈ ಚಾಚಿ ಸ್ಟೂಲನ್ನು ತಡವಿದರು. ಸಿಕ್ಕಿತು. ಕೂತರು. ಬಾಯಿಂದ ಎಂದಿನ “ಉಸ್ಸಪ್ಪಾ” ಬರಲಿಲ್ಲ.

ಅವರ ತೊಡೆಯ ಮೇಲಿದ್ದ ಫೋನಿನೊಳಗಿಂದ, ಸುರಂಗದ ಕಚೇರಿಯಲ್ಲಿದ್ದ ಯಾರೋ “ಹಲೋ” ಎಂದರು. ಸ್ವಲ್ಪ ತಡೆದು ಮತ್ತೆ “ಹಲೋ” ಎಂದರು.